ಪುಂಡಿಯ ತುದಿ ಚಿವುಟಿದ ಚಳಿಗಾಲ

ಪುಂಡಿ ಸೊಪ್ಪಿನ ಕಟ್ಟು ಮನೆಗೆ ಬಂದರೆ ನಮ್ಮವರು ಈಗಲೂ ಮೊದಲು ಒಂದು ಎಲೆ ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ತೊಳೆಯುವಷ್ಟು ತಾಳ್ಮೆಯೂ ಇಲ್ಲ. ಹುಳಿ ತಾಗಿ ಒಂದು ಕಣ್ಣು ಮುಚ್ಚಿಕೊಂಡ ಮೇಲೆಯೇ ಕಟ್ಟು ನನ್ನ ಕೈಗೆ ಬರುವುದು. ನಿನ್ನೆಯೂ ಹಾಗೇ ಆಯಿತು. ನೋಡಿದವರು ಜಿಹ್ವಾಚಾಪಲ್ಯ ಅಂದುಕೊಂಡಾರು. ಅಲ್ಲ ಮಾರಾಯರೆ, ಅದು ತಪಾಸಣೆ.

ದುಬೈಗೆ ಬರುವ ಮೊದಲು ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು. ಹಳೇ ಕಟ್ಟಡ, ಮೇಲೆ ಎಲ್ಲರಿಗೂ ಸೇರಿದ ತಾರಸಿ. ಬಾಗಲಕೋಟೆ ಕಡೆಯವಳಾದ ನನಗೆ ಅಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು, ಪುಂಡಿ ಸಿಗುತ್ತಿರಲಿಲ್ಲ. ಈ ಗೋಳನ್ನು ಎಷ್ಟು ಸಲ ತೋಡಿಕೊಂಡಿದ್ದೆನೋ, ಒಂದು ಶುಕ್ರವಾರ ನಮ್ಮವರು ದುಬೈನ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದ ತಮ್ಮೂರಿನವನೊಬ್ಬನಿಂದ ಒಂದು ಪೊಟ್ಟಣ ಬೀಜ ತಂದರು. ಸೆಕೆ ಇಳಿದ ಮೇಲೆ ತಾರಸಿಯ ಮೂಲೆಯಲ್ಲಿ, ಬಣ್ಣದ ಖಾಲಿ ಡಬ್ಬಿಗಳಲ್ಲಿ ಬಿತ್ತಿದೆವು.

ನಮ್ಮವರ ಕೆಲಸ ಏಸಿ ಕೊಳವೆಗಳ ನಕ್ಷೆ ಬರೆಯುವುದು. ಗಿಡದ ವಿಷಯದಲ್ಲಿ ಏನೂ ತಿಳಿಯದವರು, ಹಾಗಾಗಿ ಶ್ರದ್ಧೆ ಜಾಸ್ತಿ. ಫೋನಿನಲ್ಲಿ ವಿಡಿಯೋ ನೋಡಿ ಕಲಿತರು, ಅದೂ ಮಗಳು ಎದ್ದಾಳೆಂದು ಸದ್ದಿಲ್ಲದೆ. ಗಿಡ ಮೊಣಕಾಲು ಮುಟ್ಟುವ ಮುಂಚೆ ತುದಿ ಚಿವುಟಬೇಕು, ತಡವಾದರೆ ಕೋಲಿನ ಹಾಗೆ ಮೇಲೇರುತ್ತದೆ. ಚಿವುಟಿದ ಕೂಡಲೇ ಡಬ್ಬಿ ಬದಲಿಸಬಾರದು, ಒಂದು ಗಾಯ ಮಾಯ್ದ ಮೇಲೆಯೇ ಇನ್ನೊಂದು. ಬೇರು ತಳದ ತೂತಿನಿಂದ ಇಣುಕಿದರೆ ದೊಡ್ಡ ಬಕೆಟ್ಟು. ಆಮೇಲೆ ರೆಂಬೆಗಳನ್ನು ಎಳೆಯವಿರುವಾಗಲೇ ಬಗ್ಗಿಸಿ ಬಕೆಟ್ಟಿನ ಅಂಚಿಗೆ ದಾರದಿಂದ ಕಟ್ಟಬೇಕು, ಒಡಲಿಗೆ ಬಿಸಿಲು ಬೀಳಲೆಂದು.

"ಪಲ್ಯಕ್ಕ ಇಷ್ಟೆಲ್ಲಾ ಯಾಕ್ರೀ? ನಮ್ಮೂರಾಗ ಬದುವಿಗೆ ಚೆಲ್ಲಿ ಬಿಡ್ತಾರ" ಎಂದೆ.

"ಬದು ಎಲ್ಲೈತಿ ಇಲ್ಲಿ?" ಎಂದು ಅವರು ಮತ್ತೊಂದು ಗಂಟು ಹಾಕಿದರು. ನರಪೇತಲ ಸಸಿಯೊಂದನ್ನು ಮಾತ್ರ ಪಾಪ ಎಂದು ಚಿವುಟದೆ ಬಿಟ್ಟರು.

ಮೊದಲ ಎಲೆಗಳು ದುಂಡಗಿದ್ದವು. ಬರಬರುತ್ತಾ ಎಲೆ ಸೀಳಿ, ಬೆರಳು ಚಾಚಿದ ಅಂಗೈಯಂತಾಯಿತು. ನಮ್ಮ ತವರಿನಲ್ಲಿ ಸೊಪ್ಪು ಬಿಡಿಸಿಯೇ ಬರುತ್ತಿದ್ದುದರಿಂದ ನಾನು ಗಿಡವನ್ನು ಸರಿಯಾಗಿ ನೋಡಿದವಳೇ ಅಲ್ಲ.

ಹಾಗಿರುವಾಗ ಬಟ್ಟೆ ಒಣಹಾಕಲು ಲಿಲ್ಲಿ ಬಾಯಿ ಮೇಲೆ ಬಂದರು. ಎದುರು ಮನೆಯವರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯಲ್ಲಿ ಹಿರಿಯ ನರ್ಸು.

"ಇದು ಎಂತದು?"

"ಪುಂಡಿ."

ಅವರು ನಕ್ಕರು. "ಪುಂಡಿ ಅಕ್ಕಿಯದ್ದಲ್ವಾ? ಹಬೆಯಲ್ಲಿ ಬೇಯಿಸುವುದು. ಅದು ಗಿಡದಲ್ಲಿ ಆಗ್ತದಾ?"

ಕರಾವಳಿಯಲ್ಲಿ ಪುಂಡಿಯೆಂದರೆ ಅಕ್ಕಿಯ ಕಡುಬಿನುಂಡೆಯೆಂದು ನನಗೂ ಆಗ ಗೊತ್ತಿರಲಿಲ್ಲ. "ಇಲ್ಲ, ನಮ್ಮ ಕಡೆ ಇದಕ್ಕೇ ಪುಂಡಿ ಅಂತಾರ್ರಿ" ಎಂದೆ. ಅವರು ಬಗ್ಗಿಸಿ ಕಟ್ಟಿದ ರೆಂಬೆ, ಸೀಳಿದ ಎಲೆ, ನನ್ನ ಮುಖ, ಮೂರನ್ನೂ ನೋಡಿದರು. ನಗು ಅರ್ಧದಲ್ಲೇ ನಿಂತಿತು. ಆ ವಾರದಿಂದ ನಾನು ಲಿಫ್ಟಿನಲ್ಲಿದ್ದರೆ ಅವರು ಮೆಟ್ಟಿಲು ಹತ್ತತೊಡಗಿದರು.

ನಾನೂ ಫೋನಿನಲ್ಲಿ ಆ ಎಲೆಯನ್ನು ಹುಡುಕಿದೆ. ಬಂದದ್ದು ಗಾಂಜಾ ಗಿಡದ ಚಿತ್ರ. ನಮ್ಮವರು ಅಂದು ಮನೆಯಲ್ಲೇ ಬಿಟ್ಟುಹೋಗಿದ್ದ ಫೋನ್ ತೆಗೆದು ಅವರ ವಿಡಿಯೋಗೆ ಸದ್ದು ಕೊಟ್ಟೆ. ಅದರಲ್ಲಿದ್ದ ಗಡ್ಡದವನು ತುದಿ ಚಿವುಟಲು ಕಲಿಸುತ್ತಿದ್ದದ್ದೂ ಅದೇ ಗಿಡಕ್ಕೆ. ಈ ದೇಶದಲ್ಲಿ ಅದಕ್ಕೆ ಏನಾಗುತ್ತದೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೈಲು, ಆಮೇಲೆ ವೀಸಾ ರದ್ದು. ಮಗಳು ಪಕ್ಕದಲ್ಲೇ ಬಣ್ಣ ತುಂಬುತ್ತಾ ಕೂತಿದ್ದಳು.

ಅವರು ಆಫೀಸಿನಿಂದ ಬಂದ ಕೂಡಲೇ ತಾರಸಿಗೆ ಕರೆದುಕೊಂಡು ಹೋದೆ. "ಬೀಜ ಕೊಟ್ಟಾಂವ ಎಂಥಾ ಮನುಷ್ಯಾರೀ?"

"ಯಾಕ? ಒಂದ ಸಾಲ್ಯಾಗ ಕಲ್ತೀವಿ."

"ಇದು ಪುಂಡಿನ ಅಂತ ನಿಮಗ ಹೆಂಗ ಗೊತ್ತು?"

ಚಿತ್ರ ತೋರಿಸಿದೆ. ಅವರ ಮುಖ ಬಿಳುಚಿತು. ಆ ಬಿಳುಪು ಆಶ್ಚರ್ಯದ್ದೋ, ಸಿಕ್ಕಿಬಿದ್ದದ್ದೋ ಎಂದು ಯೋಚಿಸಿದೆ ನೋಡಿ, ಎಂಟು ವರ್ಷ ಬಾಳಿದ ಹೆಂಡತಿ. ಅವರು ಒಂದು ಎಲೆ ಹರಿದು ಅಗಿದರು.

"ಹುಳಿ ಅದ" ಎಂದರು. ನಾನು ನಂಬದೆ ಇನ್ನೊಂದು ಎಲೆ ಅಗಿದೆ. ದವಡೆ ಜುಮ್ಮೆಂದಿತು. ಪುಂಡಿಯೇ.

ನಮ್ಮಿಬ್ಬರ ನಡುವೆ ಅಲ್ಲಿಗೆ ಮುಗಿಯಿತು, ಕಟ್ಟಡಕ್ಕೆ ಮುಗಿಯಲಿಲ್ಲ. ಮರುದಿನ ಕಾವಲುಗಾರ ಬಂದು, ಗಿಡದ ಬಗ್ಗೆ ಯಾರೋ ದೂರಿದ್ದಾರೆ, ಬೆಳಿಗ್ಗೆ ಮ್ಯಾನೇಜರ್ ನೋಡಲು ಬರುತ್ತಾರೆ ಎಂದು ಹೇಳಿ ಹೋದ.

"ಇವತ್ತ ಕಿತ್ತು ಒಗದುಬಿಡೂಣು" ಎಂದರು ನಮ್ಮವರು.

"ಕಿತ್ತರ ಮುಚ್ಚಿಟ್ಟಂಗ ಆಗ್ತದ. ಇರ್ಲಿ."

ಹಾಗೆಂದೆನೇ ಹೊರತು ಧೈರ್ಯವೇನೂ ಇರಲಿಲ್ಲ. ಹೂ ಬಿಟ್ಟಿದ್ದರೆ ಯಾರಾದರೂ ಗುರುತಿಸುತ್ತಿದ್ದರು. ಆದರೆ ಚಿವುಟಿದ ಗಿಡಗಳು ಹೂವನ್ನು ಮುಂದೂಡಿ ಕವಲೊಡೆಯುವುದರಲ್ಲೇ ಇದ್ದವು.

ಬೆಳಿಗ್ಗೆ ಮ್ಯಾನೇಜರ್ ಬಂದರು, ಈಜಿಪ್ಟಿನ ಹಿರಿಯರು. ಬಕೆಟ್ಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ಗೋಡೆಯ ಕಡೆ ನಡೆದರು. ಅಲ್ಲಿ ಆ ನರಪೇತಲ ಸಸಿ ಒಂದೇ ಒಂದು ಹೂ ಬಿಟ್ಟಿತ್ತು. ತೆಳು ಹಳದಿ, ನಡುವೆ ಕಪ್ಪುಗೆಂಪು, ಥೇಟು ಬೆಂಡೆಯ ಹೂವು.

"ಬಾಮಿಯಾ?" ಎಂದರು. ಅರಬ್ಬಿಯಲ್ಲಿ ಬೆಂಡೆಗೆ ಹಾಗನ್ನುತ್ತಾರೆ.

"ಬಾಮಿಯಾದ ತಂಗಿ" ಎಂದು ನಮ್ಮವರು ಇಂಗ್ಲಿಷಿನಲ್ಲಿ ಹೇಳಿ, ಎಲೆಯೊಂದನ್ನು ಕೊಟ್ಟು, ತಾವೂ ತಿಂದು ತೋರಿಸಿದರು. ಹಿರಿಯರು ಅಗಿದು ತಲೆಯಾಡಿಸಿದರು. ಹೊರಡುವಾಗ, ತಾರಸಿಯಲ್ಲಿ ಬಕೆಟ್ಟು ಇಡುವಂತಿಲ್ಲ, ವಾರದೊಳಗೆ ಖಲಾಸ್, ಎಂದರು. ಗಿಡ ಗೆದ್ದಿತು, ಜಾಗ ಸೋತಿತು.

ಅಷ್ಟನ್ನೂ ಕೊಯ್ದು ಪಲ್ಯ ಮಾಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಲಿಲ್ಲಿ ಬಾಯಿಗೂ ಒಂದು ಬಟ್ಟಲು ಒಯ್ದೆ. ಬಾಗಿಲು ತೆರೆದವರೇ, "ಮ್ಯಾನೇಜರಿಗೆ ನಾನು ಹೇಳಿದ್ದಲ್ಲ, ಆಯ್ತಾ" ಎಂದರು. ನಾನು ಕೇಳಿಯೇ ಇರಲಿಲ್ಲ. ಆ ಮಾತು ಎಷ್ಟೋ ವರ್ಷ ನನ್ನೊಳಗೆ ಮುಳ್ಳಿನಂತೆ ಚುಚ್ಚಿತು. ಆದರೂ ಒಡನಾಟ ಉಳಿಯಿತು. ನಿವೃತ್ತರಾಗಿ ಊರಿಗೆ ಹೋದ ಮೇಲೂ ಹಬ್ಬಕ್ಕೊಂದು ಫೋನು ತಪ್ಪಿಸಿಲ್ಲ.

ಇವತ್ತು ಮಧ್ಯಾಹ್ನ ಅವರಿಂದ ಒಂದು ಫೋಟೋ ಬಂತು. ಅವರ ಅಂಗಳದಲ್ಲಿ ಪುಂಡಿ ಸಸಿ, ಬಯಲುಸೀಮೆಯ ಹೆಂಗಸೊಬ್ಬಳು ಕೊಟ್ಟ ಬೀಜವಂತೆ. "ತುದಿ ಯಾವಾಗ ತೆಗೀಬೇಕು?" ಎಂದು ಕೇಳಿದ್ದರು. ಉತ್ತರ ಟೈಪು ಮಾಡಿದೆ. ಓದಿ ನೋಡಿದರೆ ನನಗೇ ಸಂಶಯ ಬರುವ ಹಾಗಿತ್ತು. ಅಳಿಸಿ, ಫೋನ್ ಮಾಡಿ ಬಾಯಲ್ಲೇ ಹೇಳಿದೆ.

"ಆ ಫೋಟೋ ತೆಗೆದುಬಿಡ್ರಿ ಬಾಯಿ" ಎಂದೆ ಕೊನೆಗೆ.

"ಕಳಿಸಿದ ಕೂಡಲೇ ತೆಗ್ದಾಯ್ತು" ಎಂದರು ಅವರು. ದೂರಿದ್ದು ಯಾರೆಂದು ಇವತ್ತು ಕೇಳಿದ್ದರೆ ಹೇಳಿಬಿಡುತ್ತಿದ್ದರೋ ಏನೋ. ನಾನು ಅವರ ಮಂಡಿನೋವಿನ ವಿಷಯ ಕೇಳಿದೆ.