ಗಿಡ ಅಂದರೆ ಮರ

ಮರಾಠಿ ನಾಡಿನ ಶಿವಾಜಿನಗರದ ನಮ್ಮ ಆಫೀಸಿನಲ್ಲಿ ಕನ್ನಡದವರು ಇಬ್ಬರೇ. ವಿಜಯಪುರ ಕಡೆಯ ನಾನು, ಬೆಂಗಳೂರಿನಿಂದ ಬಂದ ನನಗಿಂತ ಕಿರಿಯ ಸಹೋದ್ಯೋಗಿ. ಮಳೆ ತಪ್ಪಿದರೆ ಗುಡ್ಡ, ಕಾಡು ಏನಾಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಆ ಲೆಕ್ಕಕ್ಕೆ ಮಾಡೆಲ್ ಎನ್ನುತ್ತೇವೆ. ಮಣ್ಣು, ಬಿಸಿಲು, ಮಳೆ, ಬೆಳೆದಿರುವುದು ಹುಲ್ಲೋ ಪೊದೆಯೋ ಮರವೋ, ಇಷ್ಟು ತುಂಬಿದರೆ ಮುಂದೆ ಎಷ್ಟು ಹಸಿರು ಉಳಿಯುತ್ತದೆಂದು ಅದು ಹೇಳುತ್ತದೆ. ಸುತ್ತ ಎಲ್ಲರೂ ಮರಾಠಿ ಮಾತಾಡುವಾಗ ಇಬ್ಬರೇ ಕನ್ನಡದಲ್ಲಿ ಹರಟುವ ಗತ್ತು ಬೇರೆ ಇತ್ತು ನಮಗೆ.

ಮಳೆ ಸತತ ಎರಡನೇ ವರ್ಷ ಕೈಕೊಟ್ಟಿತ್ತು. ಸಾಸವಡದ ಸುತ್ತಲಿನ ಯಾವ ಗುಡ್ಡಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೇಕು, ಯಾವುದನ್ನು ಬಿಡಬಹುದು ಎಂದು ವರದಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಅವುಗಳಲ್ಲಿ ಒಂದು ನಮ್ಮ ಕಾಕುವಿನ ಗುಡ್ಡ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಸಾಸವಡದಲ್ಲೇ ನೆಲೆಸಿದವರು. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಆ ಬೋಳು ಗುಡ್ಡದ ಮೇಲೆ ಬೇವು, ಹುಣಸೆ ನೆಟ್ಟು, ವರ್ಷಗಟ್ಟಲೆ ಕೊಡ ಹೊತ್ತು ಬೆಳೆಸಿದ್ದರು.

ನಾನು ಗುಡ್ಡ ಹತ್ತಿ ನೋಡಿ, ಅಲ್ಲಿಂದಲೇ ಆಫೀಸಿಗೆ ಫೋನ್ ಮಾಡಿದೆ.

“ಅಲ್ಲಿ ಏನೇನಿದೆ ಹೇಳಿ ಮೇಡಂ, ಟೈಪ್ ಮಾಡ್ಕೋತೀನಿ” ಎಂದ ಸಹೋದ್ಯೋಗಿ.

“ಬರೇ ಗಿಡಾನ ಅದಾವ್ರಿ” ಎಂದೆ.

ನಮ್ಮ ಕಡೆ ಮುಗಿಲೆತ್ತರದ ಹುಣಸೆಯೂ ಗಿಡವೇ. ಅವನ ಕಡೆ ಗಿಡವೆಂದರೆ ಕುಂಡದ ತುಳಸಿ, ಬೇಲಿಯ ದಾಸವಾಳ. ಅವನು ಪೊದೆ ಎಂದು ತುಂಬಿದ. ಅದು ನನಗೆ ಆಗ ಗೊತ್ತಾಗಲಿಲ್ಲ. ಮೊದಲ ಮಳೆಗೆ ಎಲ್ಲ ಚಿಗುರುತ್ತದೆ, ನೀರು ಬೇಡ ಎಂದಿತು ಮಾಡೆಲ್. ನಾನು ಸಹಿ ಹಾಕಿದೆ.

ಬೇಸಿಗೆಯ ನಡುವೆ ಕಾಕು ಫೋನ್ ಮಾಡಿದರು. “ನೀರು ಬ್ಯಾಡಂತ ಬರದೀಯಂತಲ್ಲ? ಎಲಿ ಎಲ್ಲಾ ಉದರ್ಯಾವ. ನಾವಾ ಕೊಡಾ ಹೊರಲೇನು?”

“ಮಲಗ್ಯಾವ ಕಾಕು. ಮಳಿ ಬಂದ್ರ ಏಳತಾವ. ಸುಮ್ಮನ ಯಾಕ ಸೊಂಟಾ ಮುರಕೋತೀರಿ?”

ಓದಿದ ಹುಡುಗಿಯ ಮಾತೆಂದು ನಂಬಿ ಅವರು ಕೊಡ ಕೆಳಗಿಟ್ಟರು.

ಸಾಸವಡಕ್ಕೆ ಮಳೆ ಬಂತು. ಹುಲ್ಲು ಎದ್ದಿತು, ಗಿಡಗಳು ಏಳಲಿಲ್ಲ. ಹೋಗಿ ನೋಡಿದರೆ ಕಾಕು ಒಂದೊಂದೇ ಗಿಡದ ತೊಗಟೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಜೀವವಿದ್ದರೆ ಒಳಗೆ ಹಸಿರು ಕಾಣಬೇಕು. ಕೆರೆದಲ್ಲೆಲ್ಲ ಒಣ ಕಂದು ಬಣ್ಣ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮರುದಿನ ಫೈಲು ತೆಗೆದು ನೋಡಿ ಅವನನ್ನು ಕರೆದೆ.

“ಏನ್ರೀ ಇದು, ಪೊದಿ ಅಂತ ಹಾಕೀರಿ! ನಾ ಗಿಡ ಅಂದಿದ್ದೆ!”

“ಗಿಡ ಅಂದಿದ್ದಕ್ಕೇ ಹಾಕಿದೆ ಮೇಡಂ!”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು.

ಮರ ಎಂದು ತಿದ್ದಿ ಲೆಕ್ಕವನ್ನು ಮತ್ತೆ ಓಡಿಸಿದೆವು. ಈ ಸಲವಾದರೂ ಲೆಕ್ಕದಲ್ಲಿ ಗುಡ್ಡ ಸಾಯಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಸತ್ತರೆ ಮಾಡೆಲ್ ಸರಿ, ತಪ್ಪು ನಮ್ಮ ನಾಲಿಗೆಯದು, ಒಂದೇ ಗುಡ್ಡಕ್ಕೆ ಮುಗಿಯಿತು. ಪರದೆಯ ಮೇಲೆ ಗುಡ್ಡ ಮತ್ತೆ ಹಸಿರಾಗಿಯೇ ನಿಂತಿತು.

“ಸದ್ಯ, ನಮ್ಮ ತಪ್ಪಿಂದ ಏನೂ ಆಗಿಲ್ಲ” ಎಂದ ಅವನು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

ನಾನು ಲೆಕ್ಕದ ಸೂತ್ರಗಳನ್ನು ಬಿಡಿಸಿ ನೋಡಿದೆ. ಮಾಡೆಲಿನ ಮರಕ್ಕೆ ಹಿಂದಿನ ವರ್ಷದ ಬಾಯಾರಿಕೆ ನೆನಪೇ ಇರಲಿಲ್ಲ. ನಾಲ್ಕು ಹನಿ ಬಿದ್ದರೆ ಎಲ್ಲ ಮರೆತು ಚಿಗುರುತ್ತಿತ್ತು. ನಿಜವಾದ ಮರ ಮೊದಲ ಬರದಲ್ಲೇ ಒಳಗೊಳಗೆ ಸೋತು, ಎರಡನೆಯದಕ್ಕೆ ಕೈಚೆಲ್ಲುತ್ತದೆ. ಅದೇ ಮಾಡೆಲನ್ನು ನಂಬಿ ನಾವು ಇಡೀ ನಕ್ಷೆ ಬರೆದುಕೊಟ್ಟಿದ್ದೆವು. ಆಚೆಯ ಗುಡ್ಡಗಳಿಗೆ ಇನ್ನೂ ಮಳೆ ತಲುಪಿರಲಿಲ್ಲ.

ಅಷ್ಟರಲ್ಲಿ ಕಾಕುವಿನ ಫೋನು. ಎಲ್ಲಿ ತಪ್ಪಿತೆಂದು ಕೇಳಿದರು. ನಡೆದದ್ದೆಲ್ಲ ಹೇಳಿದೆ.

“ಇನ್ನೂ ಎಷ್ಟು ಗುಡ್ಡಕ್ಕ ನೀರು ಬ್ಯಾಡಂತ ಬರದೀ?”

ನಕ್ಷೆಯನ್ನು ಮುಂದಕ್ಕೆಳೆದು ಎಣಿಸಿದೆ.

“ನೀರು ಕೊಟ್ಟಿದ್ದು ಎರಡಕ್ಕ, ಕಾಕು” ಎಂದೆ. “ಉಳದದ್ದಕ್ಕೆಲ್ಲಾ ಹಂಗ ಬರದೇನಿ.”