ಹಡಗು ಕಾಣದ ಮುದ್ದಕ್ಕನ ಹಡಗಿನ ಉತ್ತರ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನೇಕಾರ ಯರ್ರಪ್ಪನವರ ಮನೆಯ ಗುಂಡಿಮಗ್ಗದ ಹಿಂದೆ ಗೋಣಿಚೀಲ ಹಾಸಿಕೊಂಡು ಮುದ್ದಕ್ಕ ಕೂತಿದ್ದಾರೆ. ಪಕ್ಕದ ತೆಂಗಿನ ಚಿಪ್ಪಿನಲ್ಲಿ ಜರಡಿ ಹಿಡಿದ ಒಲೆಬೂದಿ. ಸೀರೆ ನೇಯ್ದು ಉಳಿದ ಎಳೆಗಳ ತುದಿ ಮಗ್ಗದಿಂದ ಗಡ್ಡದಂತೆ ಇಳಿಬಿದ್ದಿದೆ. ಎಡಗೈಯಲ್ಲಿ ಹಳೆಯ ಎಳೆ, ಬಲಗೈಯಲ್ಲಿ ಹೊಸ ಎಳೆ. ಬೂದಿ ಮುಟ್ಟಿದ ಹೆಬ್ಬೆರಳು ತೋರುಬೆರಳ ಮೇಲೆ ಒಮ್ಮೆ ಜಾರುತ್ತದೆ, ಎರಡೂ ಒಂದಾಗುತ್ತವೆ. ಮತ್ತೊಂದು. ಮತ್ತೊಂದು. ಒಂದು ಮಗ್ಗದಲ್ಲಿ ಹೀಗೆ ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಮೊದಲೆಲ್ಲ ಈ ಹೊತ್ತಿಗೆ ಮುದ್ದಕ್ಕನ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಈಗ ಇಲ್ಲ.

ಈ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯ ಎಳೆಯ ತುದಿಗೆ ಹೊಸ ಎಳೆ ಕೂಡಿಸದೆ ಮಗ್ಗ ಮತ್ತೆ ನಡೆಯದು. ಆದರೆ ಕೆಚ್ಚಿದ ಜಾಗ ಸೀರೆಯೊಳಗೆ ಬರುವುದಿಲ್ಲ. ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆ ದಾಟಿ ಈಚೆ ಬಂದ ಕೂಡಲೇ ಅದನ್ನು ಕತ್ತರಿಸಿ ಮೂಲೆಗೆ ಎಸೆಯುತ್ತಾರೆ. ಮದುವೆಮನೆಗಳಿಗೆ ಮೊಳಕಾಲ್ಮೂರು ಸೀರೆಯ ಸೆರಗು ಗೊತ್ತು, ಅಂಚು ಗೊತ್ತು. ಮುದ್ದಕ್ಕನ ಬೆರಳು ಗೊತ್ತಿಲ್ಲ. ಆ ಬೆರಳಿನ ಮುದ್ದಕ್ಕ ಕಳೆದ ತಿಂಗಳು ತತ್ವಶಾಸ್ತ್ರದಲ್ಲಿ ಎಂ.ಎ. ಪಾಸಾಗಿದ್ದಾರೆ.

ಇದು ಶುರುವಾದದ್ದು ಒಂದು ಕಚೇರಿಯ ಕಿಟಕಿಯಲ್ಲಿ. ನೇಕಾರರ ಗುರುತಿನ ಚೀಟಿ ಕೇಳಲು ಹೋದಾಗ, ಮಗ್ಗ ಇದೆಯಾ ಎಂದು ಒಳಗಿದ್ದವರು ಕೇಳಿದರಂತೆ. ಕೂಲಿಗೆ ಕೆಚ್ಚುವ ಮುದ್ದಕ್ಕ ಇಲ್ಲ ಎಂದರು. ಮಗ್ಗ ಇಲ್ಲದವರು ನೇಕಾರರಲ್ಲ ಎಂಬ ಉತ್ತರ ಬಂತು. "ಹಂಗಾರೆ ನೇಕಾರ ಅಂದ್ರೆ ಯಾರು ಸ್ವಾಮಿ ಅಂತ ಕೇಳ್ದೆ. ಊಟಕ್ಕೆ ಎದ್ದು ಹೋದ್ರು" ಎಂದು ಮುದ್ದಕ್ಕ ನಗುತ್ತಾರೆ.

ಊಟ ಮುಗಿಸಿ ಬಂದವರು ಮುಂದಿನವರನ್ನು ಕರೆದರು. ಪ್ರಶ್ನೆ ಮಾತ್ರ ಮುದ್ದಕ್ಕನ ಜೊತೆ ಮನೆಗೆ ಬಂತು. ಅದನ್ನೇ ಅವರು ಚಳ್ಳಕೆರೆಯಲ್ಲಿ, ಎಣ್ಣೆಮಿಲ್ಲೊಂದರ ಹಿಂದಿನ ಕೋಣೆಯಲ್ಲಿ ಸೇರುವ ದುಡಿಯುವ ಹೆಂಗಸರ ಓದುಕೂಟದಲ್ಲಿ ಎತ್ತಿದರು. ಅಲ್ಲಿಗೆ ಬರುತ್ತಿದ್ದ ತತ್ವಶಾಸ್ತ್ರದ ಉಪನ್ಯಾಸಕಿ ವಾಣಿಶ್ರೀ, ಒಂದು ವಸ್ತುವನ್ನು ಆ ವಸ್ತುವಾಗಿ ಮಾಡುವುದು ಯಾವುದು ಎಂದು ಪಶ್ಚಿಮದ ಜನ ಎರಡೂವರೆ ಸಾವಿರ ವರ್ಷದಿಂದ ಜಗಳವಾಡುತ್ತಲೇ ಇದ್ದಾರೆ ಎಂದರು. "ಅಷ್ಟು ವರ್ಷದಿಂದ ಕೇಳ್ತಾವ್ರೆ ಅಂದ್ಮೇಲೆ ನಾನು ಕೇಳಿದ್ದು ತಪ್ಪಲ್ಲ ಅಂತ ಧೈರ್ಯ ಬಂತು" ಎನ್ನುತ್ತಾರೆ ಮುದ್ದಕ್ಕ. ಮದುವೆಯ ನಂತರ ದೂರಶಿಕ್ಷಣದಲ್ಲಿ ಮುಗಿಸಿದ್ದ ಬಿ.ಎ. ಕೈಯಲ್ಲಿತ್ತು. ಎಂ.ಎ.ಗೆ ಹೆಸರು ಹಚ್ಚಿಯೇಬಿಟ್ಟರು.

ತತ್ವಶಾಸ್ತ್ರ ಹೊಟ್ಟೆ ತುಂಬಿದವರ ಮಾತು ಎಂದು ಹೇಳಿದವರು ಯಾರು? ಹೊಟ್ಟೆ ತುಂಬಿದವರೇ. ಉಳಿದವರು ಯೋಚಿಸತೊಡಗಿದರೆ ತಮ್ಮ ಕುರ್ಚಿಯ ಕಾಲು ಅಲ್ಲಾಡುತ್ತದೆ ಎಂದು ಅವರಿಗೆ ಗೊತ್ತು. ಮುದ್ದಕ್ಕ ಭಾನುವಾರದ ಬಸ್ಸಿನಲ್ಲಿ ಚಳ್ಳಕೆರೆಯ ಅಧ್ಯಯನ ಕೇಂದ್ರಕ್ಕೆ ಹೋದರು. ವಾರವೆಲ್ಲ ಪಾಠದ ಧ್ವನಿಮುದ್ರಿಕೆ ಕಿವಿಗಿಟ್ಟುಕೊಂಡು ಕೆಚ್ಚಿದರು. ದ್ರವ್ಯ, ರೂಪ, ಸಾರ, ಸಂಶಯ ಎಂಬ ಮಾತುಗಳು ಬೂದಿಯ ಜೊತೆ ಬೆರಳಿಗೆ ಹತ್ತಿದವು.

ಎಲ್ಲ ಪತ್ರಿಕೆ ದಾಟಿದರೂ ಒಂದು ದಾಟಲಿಲ್ಲ: 'ಪಾಶ್ಚಾತ್ಯ ಚಿಂತನೆಯ ಮೂಲ ಪರಿಕಲ್ಪನೆಗಳು'. ಅದರಲ್ಲಿ ಗ್ರೀಕರ ಕಾಲದ ಒಂದು ಒಗಟು ಬರುತ್ತದೆ. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಿ ಹಳೆಯದು ಒಂದೂ ಉಳಿಯದಿದ್ದಾಗ, ಅದು ಅದೇ ಹಡಗೋ, ಬೇರೆಯದೋ? "ಹಡಗು ಎಲ್ಲಿ ನೋಡ್ಲಿ ನಾನು, ನಮ್ಮ ಕೆರೇಲಿ ತೆಪ್ಪಾನೂ ಇಲ್ಲ" ಎಂದುಕೊಂಡ ಮುದ್ದಕ್ಕ, ಉತ್ತರದ ತುಂಬ ಮಗ್ಗವನ್ನೇ ಬರೆದು ಬಂದರು. ಎಳೆ ಎಲ್ಲ ಬದಲಾದರೂ ಅದೇ ಮಗ್ಗ, ಅಷ್ಟೇ. ಫೇಲು. ಮುಂದಿನ ಸಲವೂ ಹಾಗೇ ಬರೆದರು, ಮತ್ತೆ ಫೇಲು. ವಾಣಿಶ್ರೀ ನೇರವಾಗಿ ಹೇಳಿದರು: "ನಿಮ್ಮ ಮಗ್ಗ ಸರಿಯಾಗಿದೆ ಮುದ್ದಕ್ಕ. ಆದರೆ ಅದು ಉದಾಹರಣೆ. ವಾದ ಎಲ್ಲಿ?"

ಮುದ್ದಕ್ಕನಿಗೆ ಸಿಟ್ಟು ಬಂತು. ಮಗ್ಗದ ಮಾತು ವಿಶ್ವವಿದ್ಯಾಲಯಕ್ಕೆ ಮೈಲಿಗೆಯೇನೋ ಎಂದು ಭಾನುವಾರದ ಬಸ್ಸು ಹತ್ತುವುದನ್ನೇ ಬಿಟ್ಟರು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಕೋರ್ಸ್ ಮುಗಿಸುವ ಅವಧಿ ಈ ವರ್ಷಕ್ಕೆ ಕೊನೆ. ಈ ಪತ್ರಿಕೆ ದಾಟದಿದ್ದರೆ ದಾಟಿದ ಪತ್ರಿಕೆಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಮುದ್ದಕ್ಕ ಹಡಗಿನ ಪಾಠವನ್ನು ಮತ್ತೆ ಕಿವಿಗಿಟ್ಟುಕೊಂಡರು.

ಉತ್ತರ ಸಿಕ್ಕಿದ್ದು ಇದೇ ಮನೆಯಲ್ಲಿ, ಇದೇ ಗೋಣಿಚೀಲದ ಮೇಲೆ, ಅದೂ ಒಂದು ತಪ್ಪಿನಿಂದ. ಇಯರ್‌ಫೋನಿನಲ್ಲಿ ಹಡಗಿನ ಪಾಠ ಓಡುತ್ತಿದ್ದಾಗ ಮುದ್ದಕ್ಕ ಒಂದು ಎಳೆ ಬಿಟ್ಟು ಮುಂದಿನದನ್ನು ಹಿಡಿದರು. ಅಲ್ಲಿಂದ ಆಚೆಗೆ ಪ್ರತಿಯೊಂದೂ ಪಕ್ಕದ ಎಳೆಗೆ ಕೂಡಿತು. ಮಧ್ಯಾಹ್ನದ ಹೊತ್ತಿಗೆ ಅಂಚಿನ ಕೆಂಪು ಒಡಲಿನ ಹಸಿರಿಗೆ ಬಂದು ನಿಂತಾಗಲೇ ಗೊತ್ತಾದದ್ದು. ಯರ್ರಪ್ಪ ನೋಡಿ, "ಏಮಮ್ಮಾ, ನಿನ್ನ ಫಿಲಾಸಫಿ ನನ್ನ ವಾರ್ಪಿನ ಎಳೆನೆಲ್ಲ ತಿಂದಾಕ್ತಲ್ಲ" ಎಂದರು.

ಅರ್ಧ ದಿನದ ಕೆಲಸ ಬಿಚ್ಚಬೇಕಾಯಿತು. ಬಿಚ್ಚುತ್ತಾ ಹೋದಂತೆ ಮುದ್ದಕ್ಕ ಒಂದನ್ನು ಗಮನಿಸಿದರು. ಎಳೆದು ನೋಡಿದರೆ ಒಂದೂ ಕಿತ್ತು ಬರುವಂತಿರಲಿಲ್ಲ, ಅಷ್ಟು ಬಿಗಿ. "ಒಂದೊಂದೂ ಗಟ್ಟಿ ಐತೆ, ಸರದಿ ತಪ್ಪೈತೆ. ನನ್ನ ಉತ್ತರಾನೂ ಹಿಂಗೇ ಅಲ್ವಾ ಅನ್ನಿಸ್ತು. ಮಾತೆಲ್ಲ ನಿಜ, ಒಂದರ ಹಿಂದೆ ಒಂದು ಬಂದಿಲ್ಲ. ವಾಣಿ ಮೇಡಂ ಹೇಳಿದ್ದು ಇದು." ಇಯರ್‌ಫೋನ್ ಅಂದೇ ಪೆಟ್ಟಿಗೆ ಸೇರಿತು. ಕೆಚ್ಚುವಾಗ ಕೆಚ್ಚುವುದು, ಓದುವಾಗ ಓದುವುದು. ಮುಂದಿನ ಭಾನುವಾರ ಮೊದಲ ಬಸ್ಸಿಗೇ ಚಳ್ಳಕೆರೆಯಲ್ಲಿದ್ದರು.

ಕೊನೆಯ ಅವಕಾಶದ ಪರೀಕ್ಷೆಯಲ್ಲಿ ಹಡಗು ಮತ್ತೆ ಬಂತು. ಈ ಸಲ ಮುದ್ದಕ್ಕ ಸರದಿಯಿಂದ ಬರೆದರು. ಹಡಗೆಂದರೆ ಹಲಗೆ ಎನ್ನುವುದಾದರೆ ಮೊದಲ ಹಲಗೆ ಕಳಚಿದಾಗಲೇ ಅದು ಬೇರೆ ಹಡಗಾಗಬೇಕು. ಹಾಗೆ ಯಾರೂ ಹೇಳುವುದಿಲ್ಲ. ಆದ್ದರಿಂದ ಹಡಗೆಂದರೆ ಹಲಗೆಯಲ್ಲ, ಹಲಗೆಗಳು ಕೂಡಿರುವ ಕ್ರಮ. ಹಾಗಾದರೆ ಕಳಚಿಟ್ಟ ಹಳೆಯ ಹಲಗೆಗಳನ್ನೇ ಅದೇ ಕ್ರಮದಲ್ಲಿ ಕೂಡಿಸಿ ಇನ್ನೊಂದು ಕಟ್ಟಿದರೆ? ಆ ಎದುರುಮಾತನ್ನು ತಾವೇ ಎತ್ತಿ, ನಡುವೆ ಎಲ್ಲೂ ಕಡಿಯದೆ ಬಂದ ಕ್ರಮ ಯಾವುದರಲ್ಲಿದೆಯೋ ಅದೇ ಆ ಹಡಗು ಎಂದರು. ಮಗ್ಗ ಬಂದದ್ದು ಕೊನೆಗೆ, ಒಂದೇ ಪ್ಯಾರಾದಲ್ಲಿ, ಉದಾಹರಣೆಯಾಗಿ.

ಫಲಿತಾಂಶ ಫೋನಿಗೆ ಬಂದಾಗಲೂ ಅವರು ಇಲ್ಲೇ ಕೂತಿದ್ದರು. ಬೂದಿ ಕೈ, ಪರದೆ ಮುಟ್ಟಲಾಗದು. ಯರ್ರಪ್ಪನೇ ಓದಿದರು. ಎರಡು ಸಲ ಓದಿ, ಮಗ್ಗದ ಗುಂಡಿಯಿಂದ ಎದ್ದು ಬಾಗಿಲಿಗೆ ಹೋಗಿ, ನಮ್ಮ ಮಗ್ಗ ಎಂ.ಎ. ಪಾಸಾತು ಎಂದು ಬೀದಿಗೆಲ್ಲ ಕೂಗಿದರು. "ಮಗ್ಗ ಅಲ್ಲ ಯರ್ರಣ್ಣ, ನಾನು" ಎಂದು ಒಳಗಿನಿಂದ ಮುದ್ದಕ್ಕ ತಿದ್ದಿದರು. ಅಂದು ಆ ಬೀದಿಯಲ್ಲಿ ಮಧ್ಯಾಹ್ನದವರೆಗೆ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಕೆಚ್ಚುವ ಹೆಂಗಸರೆಲ್ಲ ಬಂದು ಮುದ್ದಕ್ಕನ ಕೈ ಹಿಡಿದರು. ಬೂದಿಗೆ ಬೂದಿ ಹತ್ತಿತು.

ಈಗ ಆ ಹೆಂಗಸರೆಲ್ಲರ ಪರವಾಗಿ ಅದೇ ಕಚೇರಿಗೆ ಅರ್ಜಿ ಹೋಗಿದೆ, ಬರೆದವರು ಮುದ್ದಕ್ಕ. ಎಳೆ ಹೋಗುತ್ತದೆ, ಸೀರೆ ಹೋಗುತ್ತದೆ, ಮಗ್ಗದಲ್ಲಿ ಉಳಿಯುವುದು ಸರದಿ. ಆ ಸರದಿ ತಪ್ಪದಂತೆ ಕಾಯುವವರು ನೇಕಾರರಲ್ಲದಿದ್ದರೆ ಮತ್ಯಾರು ಎಂಬ ವಾದ ಅದರಲ್ಲಿದೆ. ಚೀಟಿ ಇನ್ನೂ ಬಂದಿಲ್ಲ. ಈ ಸಲ ಕಿಟಕಿಯಲ್ಲಿದ್ದವರು ಊಟಕ್ಕೆ ಏಳದೆ ಪೂರ್ತಿ ಓದಿದರಂತೆ. ಬೀದಿಯ ಎಲ್ಲರಿಗೂ ಚೀಟಿ ಬಂದ ಮೇಲೆ ತಮ್ಮದು ಬಂದರೆ ಸಾಕು ಎನ್ನುತ್ತಾರೆ ಮುದ್ದಕ್ಕ.

ಮಾತಾಡುತ್ತಲೇ ಬೆರಳನ್ನು ಚಿಪ್ಪಿಗೆ ಅದ್ದಿ ಮುಂದಿನ ಎಳೆ ಹಿಡಿಯುತ್ತಾರೆ. ಹೊರಗೆ ಬಿಸಿಲು ಬಂದಿದೆ. "ನಾನು ಕೆಚ್ಚಿದ್ದನ್ನ ಇಷ್ಟು ದಿನ ಕತ್ತರಿಸಿ ಬಿಸಾಕಿದ್ರು ನೋಡ್ರಿ. ಆ ಹಡಗಿನ ಉತ್ತರಾನ ಯಾರು ಕತ್ತರಿಸ್ತಾರೆ?"