ಅವರು ಮಾಲೆ ತೆಗೆದ ದಿನ

ಅವರ ಎಡಗಣ್ಣಿನ ಹುಬ್ಬು ಪೂರ್ತಿ ಸುಟ್ಟುಹೋಗಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ಬೆಂಕಿ ಬಿದ್ದಾಗ ಆದದ್ದು. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಬೆವರು ನೇರವಾಗಿ ಕಣ್ಣಿಗೇ ಇಳಿಯುತ್ತಿತ್ತು. ಅಗ್ನಿಶಾಮಕ ಠಾಣೆಯಲ್ಲಿ ಅವರು ಡ್ರೈವರ್, ನಾನು ಫೈರ್‌ಮನ್. ತೊಂಬತ್ತರ ದಶಕದಲ್ಲಿ ಎಂಟು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದೆವು.

ನಮಗೆ ಬೆಂಕಿಗಿಂತ ಬಾವಿಗೆ ಬಿದ್ದವರನ್ನು ಎತ್ತುವ ಕರೆಗಳೇ ಹೆಚ್ಚು. ಡ್ರೈವರ್ ಗಾಡಿ ಬಿಟ್ಟು ಇಳಿಯಬೇಕಾಗಿಲ್ಲ. ಆದರೆ ಈಜು ಚೆನ್ನಾಗಿ ಬರುತ್ತಿದ್ದುದರಿಂದ ಅವರೇ ಬಾವಿಗೆ ಇಳಿಯುತ್ತಿದ್ದರು. ಹೆಣವನ್ನು ತೋಳಿಗೆ ತೆಗೆದುಕೊಳ್ಳುವಾಗ, "ಬಾರಪ್ಪ, ಮ್ಯಾಲಕ್ಕೆ ಹೋಗಾನ" ಎಂದು ಮಾತಾಡಿಸುತ್ತಿದ್ದರು. ಠಾಣೆಗೆ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆ ಸೀಸೆ ತೆಗೆಯುತ್ತಿದ್ದರು. "ನೀರು ಮೈ ತೊಳಿತೈತೆ, ಒಳಗಡೆಗೆ ಇದು ಬೇಕು ಕಣಲೇ" ಎನ್ನುತ್ತಿದ್ದರು. ಬರಬರುತ್ತಾ ಕರೆ ಇಲ್ಲದ ದಿನವೂ ಬೇಕಾಯಿತು. ಗುಡಿಗೆ ಹೋದರೆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು.

ಒಂದು ವರ್ಷ ಅಯ್ಯಪ್ಪನ ಮಾಲೆ ಹಾಕಿದರು. ನಲವತ್ತೊಂದು ದಿನ ಹೆಂಡ ಮುಟ್ಟುವಂತಿಲ್ಲ, ಹೆಣವನ್ನೂ ಮುಟ್ಟುವಂತಿಲ್ಲ. "ನಾನು ಸ್ಟೀರಿಂಗ್ ಬಿಟ್ಟು ಇಳಿಯಾಕಿಲ್ಲ, ನೀವೇ ನೋಡ್ಕಳ್ರಪ್ಪ" ಎಂದರು.

"ಸ್ವಾಮ್ಯಾರೇ, ಟ್ಯಾಂಕಿಗೆ ನೀರು ತುಂಬಾಕೂ ಮಡಿ ಏನ್ರಿ?" ಎಂದು ನಾವು ರೇಗಿಸಿದೆವು.

"ನಿನ್ನ ಬಾಯಿಗೆ ತುಂಬ್ತೀನಿ ಬಾರಲೇ."

ಸಂತೆಯಲ್ಲಿ ಸಿಕ್ಕ ಅವರ ಹೆಂಡತಿ ದನಿ ತಗ್ಗಿಸಿ, "ಈಗ ಮನ್ಯಾಗೆ ಕುಂತು ಉಣ್ತಾರೆ ಕಣಣ್ಣ. ಇದೊಂದು ದಡ ಮುಟ್ಟಿದ್ರೆ ಸಾಕು" ಎಂದಿದ್ದರು.

ಇಪ್ಪತ್ತೇಳನೆಯ ದಿನ ಮೊಳಕಾಲ್ಮೂರಿನ ಕಡೆಯಿಂದ ಕರೆ ಬಂತು. ಶೇಂಗಾ ಕಿತ್ತ ಹೊಲದ ಬಾವಿಯಲ್ಲಿ ಕೂಲಿಯ ಹೆಂಗಸಿನ ಆರು ವರ್ಷದ ಮಗಳು ಬಿದ್ದಿದ್ದಳು. ನಾವು ಮುಟ್ಟುವಷ್ಟರಲ್ಲಿ ಆಸೆ ಉಳಿದಿರಲಿಲ್ಲ. ತಾಯಿ ತೆಲುಗಿನಲ್ಲಿ "ನಾ ಬಿಡ್ಡ, ನಾ ಬಿಡ್ಡ" ಎಂದು ಮಗುವನ್ನು ಕರೆಯುತ್ತಾ ನೆಲ ಬಡಿಯುತ್ತಿದ್ದಳು. ಇಳಿಯಬೇಕಾದವನು ನಾನು. ನನಗೂ ಅದೇ ವಯಸ್ಸಿನ ಮಗಳಿದ್ದಳು. ಸೊಂಟಕ್ಕೆ ಹಗ್ಗದ ಗಂಟು ಹಾಕಲು ಕೈ ಬರಲಿಲ್ಲ. ಮೂರು ಸಲ ಬಿಚ್ಚಿ ಕಟ್ಟಿದೆ.

ಅವರು ಗಾಡಿಯಿಂದ ಇಳಿದು ಬಂದರು. ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಮಾಲೆ ತೆಗೆದು ಬೇವಿನ ಕೊಂಬೆಗೆ ಹಾಕಿದರು. "ಬ್ಯಾಡ್ರಿ, ನಾನೇ ಇಳೀತೀನಿ" ಎಂದೆ. ಹಾಗೆ ಹೇಳುತ್ತಲೇ ಹಗ್ಗವನ್ನು ಅವರ ಕೈಗೆ ಕೊಟ್ಟಿದ್ದೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ "ಬಾರವ್ವ" ಎಂಬ ದನಿ ಕೇಳಿಸಿತು.

ಆ ಸಂಜೆ ಅವರು ಕುಡಿದರು. ಮರುವರ್ಷ ಮತ್ತೆ ಮಾಲೆ ಹಾಕಿಸುತ್ತೇನೆಂದು ಗುರುಸ್ವಾಮಿ ಕರೆದರೂ ಹೋಗಲಿಲ್ಲ. "ದೇವ್ರಿಗೆ ನನ್ನ ಮ್ಯಾಲೆ ಸಿಟ್ಟಿಲ್ಲ. ನಂಗೇ ಅವನ ಮಾರಿ ನೋಡಾಕೆ ಆಗಲ್ಲ" ಎಂದರಂತೆ.

ಅದಾಗಿ ಆರು ವರ್ಷಕ್ಕೆ ಅವರ ಲಿವರ್ ಕೆಟ್ಟಿತು. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು, "ಅವತ್ತು ನಾನು ಇಳೀಬೇಕಿತ್ತು" ಎಂದೆ. ಇಷ್ಟು ಹೇಳಲು ಅಷ್ಟು ವರ್ಷ ಹಿಡಿದಿತ್ತು.

"ನೀನು ಇಳಿದಿದ್ರೆ ಇಬ್ರೂ ಕುಡೀತಿದ್ವಿ ಬಿಡಲೇ" ಎಂದು ಗೋಡೆಯ ಕಡೆ ಹೊರಳಿದರು. ನಾಲ್ಕನೆಯ ದಿನ ತೀರಿಕೊಂಡರು.

ನನಗೆ ನಿವೃತ್ತಿಯಾಯಿತು, ಮಗಳ ಮದುವೆಯಾಯಿತು. ಇಂದಿನವರೆಗೆ ನಾನು ಕುಡಿದವನಲ್ಲ. ಬೀಗರು ನಾಲ್ಕು ಜನರ ಮುಂದೆ ಅದನ್ನು ನನ್ನ ದೊಡ್ಡ ಗುಣವೆಂದು ಹೇಳುತ್ತಾರೆ. ಆಗ ನನಗೆ ಬಾವಿಯ ಬಳಿಯ ಆ ಬೇವಿನ ಕೊಂಬೆ ನೆನಪಾಗುತ್ತದೆ.